ಹಿಟ್ಟಿಗಾಗಿ ಹಿಂದಕ್ಕೆ ಹೋದ ರೆಜಿಮೆಂಟು: 1791ರ ಸೇಂಟ್ ಕ್ಲೇರ್ ದಂಡಯಾತ್ರೆಯ ಸರಬರಾಜು ಪ್ರಕರಣ

1791ರ ಅಕ್ಟೋಬರ್ 31. ಮೂಲನಿವಾಸಿಗಳ ಮೇಲೆ ದಂಡೆತ್ತಿ ಹೊರಟು, ಇಂದಿನ ಒಹಾಯೊ ರಾಜ್ಯದ ಪಶ್ಚಿಮ ಅಂಚಿನ ಕಾಡಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕನ್ ಸೈನ್ಯದಿಂದ ಕೆಂಟಕಿಯ ಸುಮಾರು 60 ಮಂದಿ ಮಿಲಿಷಿಯಾ (ಖಾಯಂ ಸೈನ್ಯಕ್ಕೆ ಸೇರದ ನಾಡಪಡೆ) ಜನ ಗಂಟುಮೂಟೆ ಕಟ್ಟಿಕೊಂಡು ಊರ ದಾರಿ ಹಿಡಿದರು. ಓಡಿಹೋಗುವುದು ಆ ಸೈನ್ಯಕ್ಕೆ ಹೊಸದಲ್ಲ. ಆದರೆ ಹೋಗುವಾಗ ಇವರು ಒಂದು ಮಾತು ಆಡಿದ್ದರು: ಹಿಂದಿನಿಂದ ಬರುತ್ತಿರುವ ಹಿಟ್ಟಿನ ಹೇರುಗಳನ್ನು ದಾರಿಯಲ್ಲೇ ತಡೆಯುತ್ತೇವೆ ಎಂದು. ಸೈನ್ಯದಲ್ಲಿ ಆಗಲೇ ಹಿಟ್ಟಿಗೆ ತತ್ವಾರ. ಆ ಹೇರು ಕೈತಪ್ಪಿದರೆ ಯುದ್ಧದ ಮಾತಿರಲಿ, ವಾಪಸು ಹೋಗುವುದೂ ಕಷ್ಟ. ಸೇನಾಧಿಪತಿ ಆರ್ಥರ್ ಸೇಂಟ್ ಕ್ಲೇರ್ ತನ್ನಲ್ಲಿದ್ದ ಪಳಗಿದ ತುಕಡಿಯನ್ನೇ, ಮೇಜರ್ ಜಾನ್ ಹ್ಯಾಮ್‌ಟ್ರಾಮ್ಕ್‌ನ ಕೈಕೆಳಗಿನ ಫಸ್ಟ್ ರೆಜಿಮೆಂಟನ್ನು, ಸುಮಾರು 300 ಮಂದಿಯನ್ನು, ಹಿಟ್ಟು ಕಾಯಲು ಹಿಂದಕ್ಕೆ ಕಳಿಸಿದ.

ನವೆಂಬರ್ 4ರ ಬೆಳಗ್ಗೆ ಉಳಿದ 1,400 ಮಂದಿಯ ಮೇಲೆ ಮೂಲನಿವಾಸಿ ಒಕ್ಕೂಟದ ಯೋಧರು ಬಿದ್ದರು. ಮೂರು ತಾಸಿನಲ್ಲಿ ಸುಮಾರು 630 ಮಂದಿ ಸತ್ತರು. ಅಮೆರಿಕನ್ ಸೈನ್ಯ ಮೂಲನಿವಾಸಿಗಳ ಕೈಯಲ್ಲಿ ಅಷ್ಟು ದೊಡ್ಡ ಸೋಲನ್ನು ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ. ಫಸ್ಟ್ ರೆಜಿಮೆಂಟು ಆಗ ಹಿಟ್ಟಿನ ದಾರಿಯಲ್ಲಿತ್ತು.

ಈ ಸೋಲನ್ನು ಸಾಮಾನ್ಯವಾಗಿ ಯುದ್ಧತಂತ್ರದ ಪಾಠವಾಗಿ ಓದುತ್ತಾರೆ. ಇಲ್ಲಿ ಇದನ್ನು ಕಚೇರಿಯ ಕಡತವಾಗಿ ಓದುವ ಪ್ರಯತ್ನವಿದೆ. 300 ಮಂದಿ ಪಳಗಿದ ಸೈನಿಕರು ಶತ್ರುವಿಗೆ ಬೆನ್ನು ಹಾಕಿ ನಡೆಯಬೇಕಾದದ್ದು ಒಬ್ಬ ಜನರಲ್‌ನ ಅವಿವೇಕದಿಂದಲ್ಲ. ಒಂದು ವರ್ಷದ ಹಿಂದೆ ದೂರದ ಪಟ್ಟಣದಲ್ಲಿ ಸಹಿಯಾದ ಒಂದು ಕರಾರು ಮೆಲ್ಲಮೆಲ್ಲಗೆ ಆ ಕಾಡಿಗೆ ಬಂದು ತಲುಪಿದ್ದು ಹಾಗೆ.

ಸೈನ್ಯ ಊಟ ಮಾಡುತ್ತಿದ್ದದ್ದು ಹೇಗೆ

ಸ್ವಾತಂತ್ರ್ಯ ಯುದ್ಧ ಮುಗಿದ ಮೇಲೆ ಅಮೆರಿಕ ತನ್ನ ಸೈನ್ಯವನ್ನು ಬಹುಪಾಲು ಮನೆಗೆ ಕಳಿಸಿತ್ತು. ಖಾಯಂ ಸೈನ್ಯ ಅಂದರೆ ಜನಕ್ಕೆ ಅನುಮಾನ, ಖಜಾನೆಯಲ್ಲಿ ದುಡ್ಡಿಲ್ಲ. 1789ರಲ್ಲಿ ಹೊಸ ಸರ್ಕಾರ ಬಂದಾಗ ಯುದ್ಧ ಇಲಾಖೆ ಅಂದರೆ ಕಾರ್ಯದರ್ಶಿ ಹೆನ್ರಿ ನಾಕ್ಸ್ ಮತ್ತು ಕೈಬೆರಳೆಣಿಕೆಯ ಗುಮಾಸ್ತರು. ಸೈನಿಕರಿಗೆ ಊಟ ಹಾಕುವ ಇಲಾಖೆ ಎಂಬುದೇ ಇರಲಿಲ್ಲ. ಅದನ್ನು ಗುತ್ತಿಗೆಗೆ ಕೊಡುತ್ತಿದ್ದರು, ಅದೂ ಯುದ್ಧ ಇಲಾಖೆಯಲ್ಲ, ಖಜಾನೆ. ಒಂದು ರೇಷನ್ನಿಗೆ ಇಂತಿಷ್ಟು ಎಂದು ದರ ಗೊತ್ತುಮಾಡಿ, ಯಾವ ಕೋಟೆಗೆ ತಲುಪಿಸಬೇಕು ಎಂಬುದರ ಮೇಲೆ ಆ ದರ ಏರುತ್ತಿತ್ತು.

1790ರ ಏಪ್ರಿಲ್ 30ರ ಕಾಯ್ದೆ ಒಬ್ಬ ಸೈನಿಕನ ದಿನದ ರೇಷನ್ ಏನೆಂದು ಬರೆದಿಟ್ಟಿದೆ: ಒಂದು ಪೌಂಡ್ ದನದ ಮಾಂಸ ಅಥವಾ ಮುಕ್ಕಾಲು ಪೌಂಡ್ ಹಂದಿ ಮಾಂಸ, ಒಂದು ಪೌಂಡ್ ಬ್ರೆಡ್ ಅಥವಾ ಹಿಟ್ಟು, ಒಂದು ಗುಟುಕು ರಮ್ಮೋ ವಿಸ್ಕಿಯೋ. ಜೊತೆಗೆ ನೂರು ರೇಷನ್ನಿಗೆ ಒಂದು ಕ್ವಾರ್ಟ್ ಉಪ್ಪು, ಎರಡು ಕ್ವಾರ್ಟ್ ವಿನೆಗರ್, ಎರಡು ಪೌಂಡ್ ಸಾಬೂನು, ಒಂದು ಪೌಂಡ್ ಮೇಣದ ಬತ್ತಿ. ಕಾಗದದ ಮೇಲೆ ಚೊಕ್ಕ ಲೆಕ್ಕ.

ಈ ಲೆಕ್ಕವನ್ನೇ ಕಾಡಿಗೆ ಇಳಿಸಿ ನೋಡೋಣ. ಮಾಂಸದ್ದು ಅಷ್ಟು ತೊಂದರೆಯಿಲ್ಲ, ದನಗಳು ತಾವೇ ನಡೆದುಬರುತ್ತವೆ. ಹಿಟ್ಟು ನಡೆಯುವುದಿಲ್ಲ. ಎರಡು ಸಾವಿರ ಮಂದಿಗೆ ದಿನಕ್ಕೆ ಎರಡು ಸಾವಿರ ಪೌಂಡ್ ಹಿಟ್ಟು ಬೇಕು. ಒಂದು ಹೇರು ಕುದುರೆ ಇನ್ನೂರು ಪೌಂಡ್ ಹೊರುತ್ತದೆ ಎಂದಿಟ್ಟುಕೊಂಡರೆ, ಒಂದು ದಿನದ ಹಿಟ್ಟಿಗೆ ಹತ್ತು ಕುದುರೆ. ಉಗ್ರಾಣದಿಂದ ಸೈನ್ಯಕ್ಕೆ ಹೋಗಲು ಒಂದು ವಾರ, ಬರಿಬೆನ್ನಲ್ಲಿ ಮರಳಲು ಒಂದು ವಾರ ಹಿಡಿದರೆ, ಬರೀ ಹಿಟ್ಟಿಗೇ 140 ಕುದುರೆ ಸದಾ ದಾರಿಯಲ್ಲಿ ಇರಬೇಕು. ಒಂದೂ ಕುಂಟಬಾರದು, ಸಾಯಬಾರದು, ಕಳವಾಗಬಾರದು. ಸೈನ್ಯ ಒಂದು ದಿನ ಮುಂದೆ ನಡೆದಂತೆಲ್ಲ ಇನ್ನೂ ಇಪ್ಪತ್ತು ಕುದುರೆ ಸೇರಿಸುತ್ತ ಹೋಗಬೇಕು. ಇದು ನನ್ನ ಸ್ಥೂಲ ಗುಣಾಕಾರ ಅಷ್ಟೆ. ಆದರೆ ಈ ಗುಣಾಕಾರವನ್ನು ಆಗಿನ ರಾಜಧಾನಿ ಫಿಲಡೆಲ್ಫಿಯಾದಲ್ಲಿ ಯಾರಾದರೂ ಕೂತು ಮಾಡಿದ್ದರು ಎಂದು ಅಲ್ಲಿ ನಡೆದ ವ್ಯವಹಾರ ನೋಡಿದರೆ ಅನಿಸುವುದಿಲ್ಲ.

ಡ್ಯೂಯರ್

1790ರ ಅಕ್ಟೋಬರ್ 28ರಂದು ಪಶ್ಚಿಮದ ಸೈನ್ಯಕ್ಕೆ ಆಹಾರ ಒದಗಿಸುವ ಗುತ್ತಿಗೆಯನ್ನು ಖಜಾನೆ ಥಿಯೊಡೋಸಿಯಸ್ ಫೌಲರ್ ಎಂಬುವನಿಗೆ ಕೊಟ್ಟಿತು. 1791ರ ಜನವರಿ 3ಕ್ಕೆ ಫೌಲರ್ ಅದನ್ನು ಪೂರ್ತಿಯಾಗಿ ವಿಲಿಯಂ ಡ್ಯೂಯರ್‌ಗೆ ವರ್ಗಾಯಿಸಿಬಿಟ್ಟ. ಟೆಂಡರು ಒಬ್ಬನ ಹೆಸರಲ್ಲಿ, ಕೆಲಸ ಇನ್ನೊಬ್ಬನ ಕೈಯಲ್ಲಿ. ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಡ್ಯೂಯರ್ ಸಾಮಾನ್ಯ ಆಸಾಮಿಯಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿದವನು. ಹರೆಯದಲ್ಲಿ ರಾಬರ್ಟ್ ಕ್ಲೈವ್‌ನ ಆಪ್ತ ಸಹಾಯಕನಾಗಿ ಭಾರತಕ್ಕೂ ಬಂದು, ಇಲ್ಲಿಯ ಹವೆ ಒಗ್ಗದೆ ಹಿಂದಿರುಗಿದ್ದ. ಆಮೇಲೆ ನ್ಯೂಯಾರ್ಕಿನಲ್ಲಿ ನೆಲೆನಿಂತು, ಕ್ರಾಂತಿಯ ಕಾಲದಲ್ಲೂ ಸೈನ್ಯಕ್ಕೆ ಸರಬರಾಜು ಮಾಡಿ, ಖಜಾನೆ ಕಾರ್ಯದರ್ಶಿ ಅಲೆಗ್ಸಾಂಡರ್ ಹ್ಯಾಮಿಲ್ಟನ್‌ನ ಕೈಕೆಳಗೆ ಸಹಾಯಕ ಕಾರ್ಯದರ್ಶಿಯಾಗಿ, 1790ರಲ್ಲಿ ಆ ಹುದ್ದೆ ಬಿಟ್ಟಿದ್ದ. ಖಜಾನೆಯೊಳಗೆ ಪರಿಚಯ, ಯುದ್ಧ ಇಲಾಖೆಯೊಳಗೆ ಗೆಳೆತನ. 1791ರಲ್ಲೇ ಅವನೂ ಯುದ್ಧ ಕಾರ್ಯದರ್ಶಿ ನಾಕ್ಸನೂ ಸೇರಿ ಮೇನ್ ಪ್ರಾಂತ್ಯದಲ್ಲಿ ಲಕ್ಷಗಟ್ಟಲೆ ಎಕರೆ ಭೂಮಿಯ ವ್ಯವಹಾರಕ್ಕೆ ಕೈಹಾಕಿದ್ದರು. ಸರಬರಾಜು ಮಾಡುವವನೂ, ಸರಬರಾಜು ಆಯಿತೇ ಎಂದು ಕೇಳಬೇಕಾದವನೂ ಒಂದೇ ಜಮೀನಿನ ಪಾಲುದಾರರು.

ಫೌಲರ್‌ನ ಗುತ್ತಿಗೆಯ ಮೇಲೆ ಖಜಾನೆಯಿಂದ ಡ್ಯೂಯರ್‌ಗೆ 70 ಸಾವಿರ ಡಾಲರ್‌ಗೆ ಕಡಿಮೆಯಿಲ್ಲದ ಮುಂಗಡ ಸಂದಿತು. ಇದಲ್ಲದೆ, ಪಿಟ್ಸ್‌ಬರ್ಗಿನ ಫೋರ್ಟ್ ಪಿಟ್ ತಲುಪುವವರೆಗೆ ಸೈನಿಕರಿಗೆ ಊಟ ಒದಗಿಸಲು ನಾಕ್ಸ್ ಬೇರೆಯದೇ ಒಂದು ಕರಾರು ಮಾಡಿಕೊಂಡ. ಅದಕ್ಕೆ ಡ್ಯೂಯರ್ ಬರೆದುಕೊಟ್ಟದ್ದು 4,000 ಡಾಲರ್‌ನ ಮುಚ್ಚಳಿಕೆ. ಜಾಮೀನುದಾರ ಯಾರೂ ಇಲ್ಲ. ಹೊಸ ರಾಷ್ಟ್ರೀಯ ಬ್ಯಾಂಕಿನ ಷೇರು, ಸರ್ಕಾರಿ ಸಾಲಪತ್ರ, ಭೂಮಿ ಎಲ್ಲದರ ಬೆಲೆಯೂ ಏರುತ್ತಿದ್ದ ಕಾಲ ಅದು. ಸರ್ಕಾರದ ಮುಂಗಡ ಓಹಾಯೊ ನದಿಯ ಕಡೆ ಹೋಗುವ ಬದಲು ನ್ಯೂಯಾರ್ಕಿನ ಸಟ್ಟಾ ಪೇಟೆಯ ಕಡೆ ತಿರುಗಿತು. ಪಿಟ್ಸ್‌ಬರ್ಗಿನಲ್ಲೂ, ಸೈನ್ಯದ ನೆಲೆಯಾದ ಫೋರ್ಟ್ ವಾಷಿಂಗ್ಟನ್ನಿನಲ್ಲೂ ಇದ್ದ ಅವನ ಏಜೆಂಟರು ದುಡ್ಡು ಕಳಿಸಿ ಎಂದು ಬರೆಯುತ್ತಲೇ ಇದ್ದರು. ಗಡಿನಾಡಿನ ರೈತ ಹಿಟ್ಟು, ದನ, ಕುದುರೆ ಕೊಡಲು ತಯಾರಿದ್ದ, ಆದರೆ ಉದ್ದರಿಗಲ್ಲ.

ಕುಲುಮೆಗೆ ಅಡೆಗಲ್ಲಿಲ್ಲ

ಊಟ ಬಿಟ್ಟು ಉಳಿದದ್ದೆಲ್ಲ ಕ್ವಾರ್ಟರ್‌ಮಾಸ್ಟರ್ ಜನರಲ್‌ನ ಹೊಣೆ: ಡೇರೆ, ಕೊಡಲಿ, ಜೀನು, ಕುದುರೆ, ದೋಣಿ, ಬಂದೂಕಿನ ಮದ್ದು. ಆ ಹುದ್ದೆಗೆ ಬಂದವನು ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಹಾಜ್ಡನ್. 1791ರ ಮಾರ್ಚಿನಲ್ಲಿ ನೇಮಕವಾದವನು ಸೈನ್ಯದ ನೆಲೆಯಾದ ಫೋರ್ಟ್ ವಾಷಿಂಗ್ಟನ್ನಿಗೆ, ಅಂದರೆ ಇಂದಿನ ಸಿನ್ಸಿನಾಟಿಗೆ, ಮುಖ ತೋರಿಸಿದ್ದು ಸೆಪ್ಟೆಂಬರಿನಲ್ಲಿ. ಅಷ್ಟರವರೆಗೆ ಅವನ ಕೆಲಸವನ್ನೂ ಸೇಂಟ್ ಕ್ಲೇರ್‌ನೇ ಮಾಡಿದ. ಐವತ್ತು ದಾಟಿದ, ಸಂಧಿವಾತದಿಂದ ನರಳುತ್ತಿದ್ದ ಜನರಲ್ ಬಂದೂಕು ರಿಪೇರಿ, ಗುಂಡಿನ ತೋಟೆ ಕಟ್ಟಿಸುವುದು, ಫಿರಂಗಿ ಗಾಡಿ ಮಾಡಿಸುವುದು ಇವುಗಳ ಮೇಸ್ತ್ರಿಯಾದ. ಸೈನಿಕರಿಗೆ ಕವಾಯತು ಹೇಳಿಕೊಡಲು ಸಮಯ ಉಳಿಯಲಿಲ್ಲ. ಬಂದ ಸೈನಿಕರಲ್ಲಿ ಕೈಗೆಲಸ ಬಲ್ಲವರೆಲ್ಲ ಕವಾಯತು ಬಿಟ್ಟು ಕಮ್ಮಾರಸಾಲೆಯಲ್ಲಿ, ಬಡಗಿಸಾಲೆಯಲ್ಲಿ ಕೂತರು.

ಆಮೇಲೆ ನಡೆದ ವಿಚಾರಣೆಯ ವರದಿಯಲ್ಲಿ ಈ ಸಾಮಾನಿನ ಪಟ್ಟಿ ಸಿಗುತ್ತದೆ. ಜೂನ್ 1ರಂದು ಫೋರ್ಟ್ ವಾಷಿಂಗ್ಟನ್ನಿನಲ್ಲಿದ್ದ ಬಂದೂಕುಗಳು 675, ಅವುಗಳಲ್ಲಿ ಹೆಚ್ಚಿನವು ಪೂರ್ತಿ ಕೆಟ್ಟವು. ಡೇರೆ, ಬೆನ್ನುಚೀಲ, ಅಡುಗೆ ಕೊಳಗ, ತೋಟೆ ಪೆಟ್ಟಿಗೆ ಎಲ್ಲ ಎಣಿಕೆಯಲ್ಲೂ ಕಡಿಮೆ, ಗುಣದಲ್ಲೂ ಕಳಪೆ. ಹೇರಿನ ಜೀನುಗಳನ್ನು ಫಿಲಡೆಲ್ಫಿಯಾದಲ್ಲಿ ಮಾಡಿಸಿ ಬೆಟ್ಟ ಹತ್ತಿಸಿ ತಂದರು. ಪಿಟ್ಸ್‌ಬರ್ಗಿನಲ್ಲೇ ಮಾಡಿಸಿದ್ದರೆ ಅಗ್ಗವಾಗುತ್ತಿತ್ತು, ಬಂದಮೇಲೆ ನೋಡಿದರೆ ಗಡಿನಾಡಿನ ಕುದುರೆಗಳಿಗೆ ಅವು ದೊಗಳೆ. ದೊಗಳೆ ಜೀನು ಅಂದರೆ ಎರಡೇ ದಿನದಲ್ಲಿ ಬೆನ್ನು ಹುಣ್ಣಾದ ಕುದುರೆ. ಇನ್ನು, ದಾರಿಯುದ್ದಕ್ಕೂ ಒಯ್ಯಲೆಂದು ಎರಡು ಸಂಚಾರಿ ಕುಲುಮೆ ಬಂದಿದ್ದವು. ಎರಡಕ್ಕೂ ಅಡೆಗಲ್ಲು ಇರಲಿಲ್ಲ.

ಈ ಅಡೆಗಲ್ಲಿನ ವಿಷಯ ನನಗೆ ಇಡೀ ಪ್ರಕರಣದ ಅತ್ಯಂತ ಮಾತಾಡುವ ವಿವರ. ಯಾರೂ ಕದ್ದಿರಲಾರರು. ಪಟ್ಟಿಯಲ್ಲಿ ಕುಲುಮೆ ಎಂದಿತ್ತು, ಕುಲುಮೆ ಹೋಯಿತು, ಟಿಕ್ ಬಿತ್ತು. ಕಾದ ಕಬ್ಬಿಣವನ್ನು ಯಾವುದರ ಮೇಲಿಟ್ಟು ಬಡಿಯುತ್ತಾರೆ ಎಂದು ಕೇಳುವವನು ಫಿಲಡೆಲ್ಫಿಯಾದಿಂದ ಪಿಟ್ಸ್‌ಬರ್ಗಿನವರೆಗೆ ಸುಮಾರು 300 ಮೈಲಿ ಬೆಟ್ಟದ ದಾರಿಯಲ್ಲೂ, ಅಲ್ಲಿಂದ ನೂರಾರು ಮೈಲಿಯ ನದಿ ದಾರಿಯಲ್ಲೂ ಒಬ್ಬನೂ ಇರಲಿಲ್ಲ. ಲಂಚಕೋರನನ್ನು ಹಿಡಿಯಬಹುದು. ಇಂಥ ಕಡೆ ಹಿಡಿಯಲು ಯಾರೂ ಸಿಗುವುದಿಲ್ಲ.

ಕುದುರೆಗಳ ಪಾಡೂ ಇದೇ. ಕಾಡಿನಲ್ಲಿ ಮೇಯಲು ಬಿಡುವ ಕುದುರೆಗೆ ಕೊರಳ ಗಂಟೆ ಬೇಕು, ಕಾಲ್ಕಟ್ಟು ಬೇಕು. ಇಲ್ಲಿ ಎರಡೂ ಇಲ್ಲ. ಹಾಕಿದ ಕಾಳನ್ನು ಬೋಗುಣಿಯಿಲ್ಲದೆ ನೆಲಕ್ಕೇ ಚೆಲ್ಲಿದ್ದರಿಂದ ಒಂದಕ್ಕೊಂದು ಒದ್ದಾಡಿ ಗಾಯ ಮಾಡಿಕೊಂಡವು.

ಹುಲ್ಲು ಒಣಗುವ ಮುಂಚೆ

ಯೋಜನೆಯೇನೋ ಚೆನ್ನಾಗಿತ್ತು. ಹಿಂದಿನ ವರ್ಷ, 1790ರ ಅಕ್ಟೋಬರಿನಲ್ಲಿ, ಜೋಸಾಯ ಹಾರ್ಮರ್ ಇದೇ ನೆಲೆಯಿಂದ ಹೊರಟು ಮಯಾಮಿ ಎಂಬ ಮೂಲನಿವಾಸಿ ಬುಡಕಟ್ಟಿನ ಕೆಕಿಯೊಂಗ ಊರಿನ ಬಳಿ ಪೆಟ್ಟು ತಿಂದು ಬಂದಿದ್ದ. ಅದಕ್ಕೆ ಉತ್ತರವಾಗಿ 1791ರ ಮಾರ್ಚ್ 3ರಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸು ಎರಡನೆಯ ರೆಜಿಮೆಂಟನ್ನೂ, ಲೆವಿ ಎಂದು ಕರೆಯುತ್ತಿದ್ದ, ಆರು ತಿಂಗಳ ಅವಧಿಯ 2,000 ತಾತ್ಕಾಲಿಕ ಸೈನಿಕರನ್ನೂ ಮಂಜೂರು ಮಾಡಿತು. ಜುಲೈ 10ರೊಳಗೆ 3,000 ಮಂದಿ ಫೋರ್ಟ್ ವಾಷಿಂಗ್ಟನ್ನಿನಲ್ಲಿ ಸೇರಬೇಕು, ಬೇಸಿಗೆಯಲ್ಲೇ ಹೊರಡಬೇಕು, ದಾರಿಯಲ್ಲಿ ಕೋಟೆಗಳ ಸಾಲು ಕಟ್ಟಿ ಕೆಕಿಯೊಂಗದಲ್ಲಿ ಭದ್ರವಾಗಿ ಕೂರಬೇಕು.

ಬೇಸಿಗೆ ಎಂದು ಹೇಳಿದ್ದು ಹಗಲು ಉದ್ದವಿರುತ್ತದೆ ಎಂಬುದಕ್ಕಷ್ಟೇ ಅಲ್ಲ. ಹೇರು ಕುದುರೆ ತನ್ನ ಮೇವನ್ನೂ ತಾನೇ ಹೊತ್ತರೆ ಹಿಟ್ಟಿಗೆ ಬೆನ್ನು ಉಳಿಯುವುದಿಲ್ಲ. ಕಾಡಿನ ಹುಲ್ಲು ಇರುವವರೆಗೆ ಮಾತ್ರ ಈ ಸರಬರಾಜು ನಡೆಯುತ್ತದೆ. ಅಕ್ಟೋಬರಿನ ಮೊದಲ ಮಂಜು ಬಿದ್ದರೆ ಹುಲ್ಲು ಸತ್ತಂತೆ. ಅಂದರೆ ಕಾಂಗ್ರೆಸ್ಸು ಮಸೂದೆಯ ಮೇಲೆ ಕಳೆದ ಪ್ರತಿ ವಾರವೂ, ಹಾಜ್ಡನ್ ಪಿಟ್ಸ್‌ಬರ್ಗಿನಲ್ಲಿ ಕಳೆದ ಪ್ರತಿ ವಾರವೂ, ಬೇಸಿಗೆಯಲ್ಲಿ ನೀರಿಳಿದ ಓಹಾಯೊ ನದಿಯಲ್ಲಿ ದೋಣಿಗಳು ತೆವಳಿದ ಪ್ರತಿ ವಾರವೂ ಕುದುರೆಯ ಹೊಟ್ಟೆಯಿಂದ ಕಳೆದ ವಾರ.

ಜುಲೈ 10 ಬಂತು, ಹೋಯಿತು. ಸೈನ್ಯ ನಿಜವಾಗಿ ಹೊರಟದ್ದು ಸೆಪ್ಟೆಂಬರ್ ನಡುವಿನಲ್ಲಿ. ಮೊದಲು ಗ್ರೇಟ್ ಮಯಾಮಿ ನದಿಯ ದಂಡೆಯಲ್ಲಿ ಫೋರ್ಟ್ ಹ್ಯಾಮಿಲ್ಟನ್ ಕಟ್ಟಿದರು. ಅಕ್ಟೋಬರ್ 4ಕ್ಕೆ ಮತ್ತೆ ನಡೆದು, ಮುಂದೆ ಫೋರ್ಟ್ ಜೆಫರ್ಸನ್ ಕಟ್ಟಲು ನಿಂತರು. ಕೋಟೆಗೆ ಮರ ಕಡಿಯಲು ಇನ್ನೂರು ಜನ ತಯಾರಿದ್ದರು. ಇದ್ದ ಕೊಡಲಿ 80, ಗರಗಸ ಒಂದು. ಉಕ್ಕು ಮೆದುವಾಗಿ ಬಾಗಿಹೋಗುತ್ತಿದ್ದ ಕೊಡಲಿಗಳೂ ಅದರಲ್ಲಿದ್ದವು. ಅಕ್ಟೋಬರ್ 24ರವರೆಗೆ ಸೈನ್ಯ ಅಲ್ಲೇ ಕೂತಿತು. ಕೂತವರಿಗೂ ದಿನಕ್ಕೊಂದು ಪೌಂಡ್ ಹಿಟ್ಟು ಬೇಕೇ ಬೇಕು. ಬರಬೇಕಾದಷ್ಟು ಬರಲಿಲ್ಲ, ಹಿಟ್ಟಿನ ಪಾಲು ಕತ್ತರಿಸಿದರು. ಲೆವಿಗಳಲ್ಲಿ ಕೆಲವರು ನಮ್ಮ ಆರು ತಿಂಗಳು ಮುಗಿಯಿತು, ಬಿಟ್ಟುಬಿಡಿ ಎಂದು ತಕರಾರು ತೆಗೆದರು. ಓಡಿಹೋಗುವವರು ಹೆಚ್ಚಾದಾಗ ಗಲ್ಲುಶಿಕ್ಷೆಯೂ ಆಯಿತು.

ಇಷ್ಟರ ನಡುವೆ ನಾಕ್ಸ್ ಬರೆದ ಪತ್ರಗಳ ಧಾಟಿ ಒಂದೇ: ಅಧ್ಯಕ್ಷರು ಆತಂಕದಲ್ಲಿದ್ದಾರೆ, ಬೇಗ ಹೊರಡು. ಬೀದಿಯಿಂದ, ಜೈಲಿನಿಂದ ಹೆಕ್ಕಿ ತಂದಂತಿದ್ದ ಈ ಜನರನ್ನೂ ಈ ತಯಾರಿಯನ್ನೂ ಕಂಡ ಹಾರ್ಮರ್ ಸೋಲು ಖಚಿತ ಎಂದು ಮೊದಲೇ ಹೇಳಿದ್ದನಂತೆ. ಮೊದಲೇ ಸೋತವನ ಮಾತು ಯಾರು ಕೇಳುತ್ತಾರೆ?

ಅದೇ 1791ರಲ್ಲಿ, ಹತ್ತು ವರ್ಷದ ಹಿಂದೆ ಯಾರ್ಕ್‌ಟೌನಿನಲ್ಲಿ ಇದೇ ಅಮೆರಿಕನ್ನರಿಗೆ ಶರಣಾಗಿದ್ದ ಕಾರ್ನ್‌ವಾಲಿಸ್ ನಮ್ಮ ನೆಲದಲ್ಲಿದ್ದ ಎಂಬುದನ್ನು ಇಲ್ಲಿ ನೆನೆಯಬಹುದು. ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದು, ಮೇ ತಿಂಗಳಲ್ಲಿ ಅರಕೆರೆಯ ಬಳಿ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿದವನು, ಶ್ರೀರಂಗಪಟ್ಟಣ ಕಣ್ಣೆದುರಿಗಿದ್ದರೂ ಎತ್ತುಗಳು ಮೇವಿಲ್ಲದೆ ಸತ್ತು, ಸೈನ್ಯಕ್ಕೆ ಅಕ್ಕಿಯಿಲ್ಲದೆ, ತನ್ನ ಭಾರೀ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಿದ. ದಾರಿಯಲ್ಲಿ ಮರಾಠರ ಪಾಳೆಯದ ಬಜಾರು ಎದುರಾಗದಿದ್ದರೆ ಅವನ ಗತಿಯೂ ಕೆಟ್ಟಿತ್ತು. ಮುಂದಿನ ಸಲ ಬಂಜಾರರ ಹೇರೆತ್ತುಗಳ ಧಾನ್ಯವನ್ನು ಗಟ್ಟಿ ಮಾಡಿಕೊಂಡೇ ಬಂದ. ಕಾರ್ನ್‌ವಾಲಿಸ್‌ಗೆ ಹಿಂದಿರುಗುವ ಅಧಿಕಾರ ಅವನ ಕೈಯಲ್ಲೇ ಇತ್ತು, ಅವನೇ ಗವರ್ನರ್ ಜನರಲ್. ಸೇಂಟ್ ಕ್ಲೇರ್‌ಗೆ ಅದು ಇರಲಿಲ್ಲ. ಅವನಿಗೆ ಬಂದಿದ್ದ ಆದೇಶ ಸ್ವಂತ ವಿವೇಚನೆಗೆ ಎಡೆಯೇ ಇಲ್ಲದಷ್ಟು ಖಡಾಖಂಡಿತವಾಗಿತ್ತು ಎಂದು ಆಮೇಲೆ ಕಾಂಗ್ರೆಸ್ಸಿನ ಸಮಿತಿಯೇ ಒಪ್ಪಿಕೊಂಡಿತು.

ಆ ಕಡೆಯ ಅಡುಗೆ

ಸರಬರಾಜಿನ ದೃಷ್ಟಿಯಿಂದಲೇ ಶತ್ರುಪಾಳೆಯವನ್ನೂ ನೋಡಬೇಕು. ಅಮೆರಿಕದ ಹಳೆಯ ಬರಹಗಳು ಈ ಕೆಲಸವನ್ನು ಅಷ್ಟಾಗಿ ಮಾಡುವುದಿಲ್ಲ. ಮಯಾಮಿಗಳ ಲಿಟಲ್ ಟರ್ಟಲ್, ಶಾನಿಗಳ ಬ್ಲೂ ಜಾಕೆಟ್, ಡೆಲವೇರರ ಬಕಾಂಗಹೀಲಸ್ ಇವರ ನಾಯಕತ್ವದಲ್ಲಿ ಸಾವಿರದಷ್ಟು ಯೋಧರು ಸೇರಿದ್ದರು. ಅವರ ಊಟದ ವ್ಯವಸ್ಥೆಯ ಬಗ್ಗೆ ಒಂದು ಹೇಳಿಕೆ ಉಳಿದುಬಂದಿದೆ. ಇಪ್ಪತ್ತು ಜನರಿಗೆ ಒಂದು ಪಂಕ್ತಿ. ಪ್ರತಿ ಪಂಕ್ತಿಯಿಂದ ನಾಲ್ವರು ದಿನವೂ ಬೇಟೆಗೆ. ಮಧ್ಯಾಹ್ನದ ಹೊತ್ತಿಗೆ ಬೇಟೆ ಪಾಳೆಯಕ್ಕೆ ಬರಬೇಕು. ಐವರಲ್ಲಿ ಒಬ್ಬ ಉಣಿಸುವ ಕೆಲಸಕ್ಕೆ ಮೀಸಲು. ಕರಾರಿಲ್ಲ, ಮುಂಗಡವಿಲ್ಲ, ಹೇರು ಕುದುರೆಯ ಸಾಲಿಲ್ಲ. ತಿಂಗಳುಗಟ್ಟಲೆ ನಡೆಯುವ ಏರ್ಪಾಡೇನೂ ಅಲ್ಲ ಇದು. ಸಾವಿರ ಜನ ಒಂದೇ ಕಾಡಿನಲ್ಲಿ ಎಷ್ಟು ದಿನ ಬೇಟೆಯಾಡಿಯಾರು? ಆದರೆ ಬಂದು, ಹೊಡೆದು, ಹೋಗಲು ಬೇಕಾದಷ್ಟು ದಿನಕ್ಕೆ ಸಾಕಿತ್ತು. ಎದುರಾಳಿ ಹಸಿದು ನಿಧಾನವಾದಷ್ಟೂ ತಾವು ಹೊಡೆಯುವ ಜಾಗ, ಗಳಿಗೆ ಎರಡನ್ನೂ ಆರಿಸಿಕೊಳ್ಳುವ ಅನುಕೂಲ ಇವರದಾಯಿತು.

ಕೆಟ್ಟ ಹಿಟ್ಟು, ಕೆಟ್ಟ ಮದ್ದು ಎಂದು ಎಲ್ಲವನ್ನೂ ಕಂತ್ರಾಟುದಾರನ ತಲೆಗೆ ಕಟ್ಟಿದರೆ ಈ ಜನರ ಜಾಣ್ಮೆ ಲೆಕ್ಕಕ್ಕೇ ಬರುವುದಿಲ್ಲ. ಅರೆಚಂದ್ರಾಕಾರದಲ್ಲಿ ಪಾಳೆಯವನ್ನು ಸುತ್ತುವರಿದು, ಫಿರಂಗಿಯವರನ್ನೂ ಅಧಿಕಾರಿಗಳನ್ನೂ ಆರಿಸಿ ಹೊಡೆದು ಗೆದ್ದವರು ಅವರು. ಸರಬರಾಜು ಕೆಟ್ಟದ್ದು ಅವರ ಎದುರಿಗಿದ್ದವರನ್ನು ಎಣಿಕೆಯಲ್ಲಿ ಇಳಿಸಿತು, ಕಸುವಿನಲ್ಲೂ ಇಳಿಸಿತು, ಗೆಲುವನ್ನು ಕೊಡಲಿಲ್ಲ.

ಕದನದ ಬಗ್ಗೆ ಹೆಚ್ಚು ಬೇಡ. ವಾಬಾಶ್ ನದಿಯ ಮೇಲ್ದಂಡೆ, ಫೋರ್ಟ್ ವಾಷಿಂಗ್ಟನ್ನಿನಿಂದ ನೂರು ಮೈಲಿಗೆ ಸ್ವಲ್ಪ ಕಡಿಮೆ. ಬೆಳಗಿನ ಜಾವದ ದಾಳಿಗೆ ಮುಂದಿದ್ದ ಮಿಲಿಷಿಯಾ ಚದುರಿ ಮುಖ್ಯ ಪಾಳೆಯದೊಳಗೇ ನುಗ್ಗಿತು. ಎರಡನೆಯ ದಂಡನಾಯಕ ರಿಚರ್ಡ್ ಬಟ್ಲರ್ ಸತ್ತ. ಸೇಂಟ್ ಕ್ಲೇರ್ ಒಂದು ಹೇರು ಕುದುರೆ ಹತ್ತಿ ತಪ್ಪಿಸಿಕೊಂಡ. ಬೆನ್ನುಚೀಲ ಇಡಲು ಅಂದೇ ಒಂದು ಸಣ್ಣ ಕೋಟೆ ಎಬ್ಬಿಸಿ, ಫಸ್ಟ್ ರೆಜಿಮೆಂಟು ಬಂದು ಸೇರಿದ ಕೂಡಲೇ ಮುಂದೆ ನಡೆಯುವುದು ಅವನ ಯೋಚನೆಯಾಗಿತ್ತು.

ಬದುಕಿದವರು ಅದೇ ದಿನ 29 ಮೈಲಿ ಓಡಿ ಫೋರ್ಟ್ ಜೆಫರ್ಸನ್ ಸೇರಿದರು. ಫಸ್ಟ್ ರೆಜಿಮೆಂಟು ಅಲ್ಲಿ ಸಿಕ್ಕಿತು, ಊಟ ಸಿಗಲಿಲ್ಲ. ತಾವೇ ಕಟ್ಟಿದ ಕೋಟೆಯಲ್ಲಿ ಇಷ್ಟು ಜನರಿಗೆ ಹಾಕಲು ಏನೂ ಇರಲಿಲ್ಲ. ನಡೆಯಲಾರದ ಗಾಯಾಳುಗಳನ್ನು ಅಲ್ಲೇ ಬಿಟ್ಟು ಉಳಿದವರು ರಾತ್ರಿಯೇ ಮತ್ತೆ ಹೊರಟರು. ಇಷ್ಟು ದಿನ ಕಾದಿದ್ದ ಹಿಟ್ಟಿನ ಹೇರು ಹಿಂದಿರುಗುವ ದಾರಿಯಲ್ಲಿ ಎದುರಾಯಿತು.

ವಿಚಾರಣೆ

1792ರ ಮಾರ್ಚ್ 27ರಂದು ಕಾಂಗ್ರೆಸ್ಸಿನ ಪ್ರತಿನಿಧಿ ಸಭೆ ಒಂದು ಸಮಿತಿಯನ್ನು ನೇಮಿಸಿತು. ಪೆನ್ಸಿಲ್ವೇನಿಯಾದ ಥಾಮಸ್ ಫಿಟ್ಜ್‌ಸೈಮನ್ಸ್ ಅಧ್ಯಕ್ಷ. ಅಮೆರಿಕದ ಕಾಂಗ್ರೆಸ್ಸು ಸರ್ಕಾರದ ಕೆಲಸದ ಮೇಲೆ ನಡೆಸಿದ ಮೊದಲ ತನಿಖೆ ಇದು. ಯುದ್ಧ ಇಲಾಖೆಯ ಕಾಗದಗಳನ್ನು ಕೊಡಿ ಎಂದು ಸಮಿತಿ ಕೇಳಿದಾಗ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ತನ್ನ ಮಂತ್ರಿಗಳನ್ನು ಕೂರಿಸಿಕೊಂಡು ಕೊಡಬೇಕೋ ಬೇಡವೋ ಎಂದು ಚರ್ಚಿಸಿದ. ಸಭೆಗೆ ಕೇಳುವ ಹಕ್ಕಿದೆ, ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗುವಂಥದ್ದನ್ನು ತಡೆಹಿಡಿಯುವ ಹಕ್ಕು ಅಧ್ಯಕ್ಷನಿಗಿದೆ ಎಂದು ತೀರ್ಮಾನವಾಯಿತು. ಈ ಸಲಕ್ಕೆ ಕಾಗದಗಳನ್ನು ಕೊಟ್ಟರು. ಅಮೆರಿಕದ ವಕೀಲರು ಇವತ್ತಿಗೂ ಈ ಚರ್ಚೆಯನ್ನು ಎತ್ತಿ ಆಡುತ್ತಾರೆ.

ಅದೇ ಮಾರ್ಚಿನಲ್ಲಿ ಡ್ಯೂಯರ್‌ನ ಸಟ್ಟಾ ಗೋಪುರ ಕುಸಿದು, ನ್ಯೂಯಾರ್ಕಿನ ಪೇಟೆಯನ್ನೇ ಕೆಡವಿತು. ಸಮಿತಿ ಕೂರುವ ಹೊತ್ತಿಗೆ ಗುತ್ತಿಗೆದಾರ ಸಾಲಗಾರರ ಜೈಲಿನಲ್ಲಿದ್ದ. 1799ರಲ್ಲಿ ಸಾಯುವವರೆಗೂ ಅವನಿಗೆ ಆ ಸೆರೆ ಹೆಚ್ಚುಕಡಿಮೆ ತಪ್ಪಲಿಲ್ಲ.

ಮೇ 8ರ ವರದಿ ಸೇಂಟ್ ಕ್ಲೇರ್‌ನನ್ನು ದೋಷಮುಕ್ತ ಮಾಡಿತು. ಕಾಯ್ದೆ ತಡವಾದದ್ದು, ಕ್ವಾರ್ಟರ್‌ಮಾಸ್ಟರ್ ಮತ್ತು ಗುತ್ತಿಗೆದಾರರ ವಿಭಾಗಗಳಲ್ಲಿನ ಘೋರ ಅವ್ಯವಸ್ಥೆ ಹಾಗೂ ನಿರ್ಲಕ್ಷ್ಯ, ಸೈನಿಕರಲ್ಲಿ ಶಿಸ್ತು ಮತ್ತು ಅನುಭವ ಇಲ್ಲದ್ದು ಕಾರಣಗಳೆಂದು ಹೇಳಿತು. ನಾಕ್ಸ್ ಮತ್ತು ಹಾಜ್ಡನ್ ಸುಮ್ಮನಿರಲಿಲ್ಲ. ನಮ್ಮ ಮಾತು ಕೇಳದೆ ಬರೆದಿದ್ದೀರಿ ಎಂದು ಆಕ್ಷೇಪ ಸಲ್ಲಿಸಿದರು. 1793ರ ಫೆಬ್ರುವರಿಯಲ್ಲಿ ಎರಡನೆಯ ವರದಿ ಬಂತು, ಕೆಲವು ವಿವರ ತಿದ್ದಿತು, ಮೂಲ ತೀರ್ಮಾನ ಬಿಡಲಿಲ್ಲ. ಸಭೆ ಅದರ ಮೇಲೆ ಯಾವ ನಿರ್ಣಯವನ್ನೂ ಮಾಡಲಿಲ್ಲ. ನಾಕ್ಸ್ 1794ರ ಕೊನೆಯವರೆಗೂ ಕಾರ್ಯದರ್ಶಿಯಾಗಿಯೇ ಇದ್ದ. ದೋಷಮುಕ್ತನಾದ ಸೇಂಟ್ ಕ್ಲೇರ್ ಮಾತ್ರ ವರದಿ ಬರುವ ಮೊದಲೇ, ಏಪ್ರಿಲಿನಲ್ಲಿ, ಸೇನಾ ಪದವಿ ಬಿಡಬೇಕಾಯಿತು.

ವರದಿಯಲ್ಲಿ ಲೆವಿಗಳ ಸಂಬಳದ ಬಗ್ಗೆ ಒಂದು ಭಾಗವಿದೆ. ಫಿರಂಗಿ, ಹಿಟ್ಟುಗಳ ಮಾತಿನಲ್ಲಿ ಅದನ್ನು ಯಾರೂ ಎತ್ತಿ ಹೇಳುವುದಿಲ್ಲ. ಕಾಯ್ದೆಯ ಪ್ರಕಾರ ಸಿಪಾಯಿಯ ಸಂಬಳ ತಿಂಗಳಿಗೆ 3 ಡಾಲರ್. ಅದರಲ್ಲಿ ಬಟ್ಟೆಗೆ 90 ಸೆಂಟ್, ಆಸ್ಪತ್ರೆಗೆ 10 ಸೆಂಟ್ ಮುರಿದುಕೊಂಡು ಕೈಗೆ 2 ಡಾಲರ್. ಲೆವಿಗಳಿಗೆ ಸೇರಿದ ದಿನದಿಂದ ಬಿಡುಗಡೆಯ ದಿನದವರೆಗೆ ಒಟ್ಟಾರೆ ಸಿಕ್ಕಿದ್ದು ತಲಾ 3 ಡಾಲರ್. ಅವರ ಬಟವಾಡೆಯ ಹಣ ಫಿಲಡೆಲ್ಫಿಯಾ ಬಿಟ್ಟದ್ದು ಡಿಸೆಂಬರ್ 4ಕ್ಕೆ, ಅಂದರೆ ಕದನ ಮುಗಿದು ಸರಿಯಾಗಿ ಒಂದು ತಿಂಗಳಿಗೆ. ಫೋರ್ಟ್ ವಾಷಿಂಗ್ಟನ್ ಮುಟ್ಟಿದ್ದು 1792ರ ಜನವರಿ 3ಕ್ಕೆ. ಅಷ್ಟರಲ್ಲಿ ಅವರ ಅವಧಿ ಮುಗಿದು, ಬಾಕಿ ಚುಕ್ತಾ ಮಾಡದೆ, ಕೈಗೊಂದು ಚೀಟಿ ಕೊಟ್ಟು ಕಳಿಸಿಯಾಗಿತ್ತು. ಚೀಟಿಯಲ್ಲಿ ಎಷ್ಟು ದಿನ ಸೇವೆ ಎಂದಿತ್ತು, ಸ್ವಲ್ಪ ಮುಂಗಡ ಸಂದಿದೆ ಎಂದೂ ಇತ್ತು, ಎಷ್ಟು ಸಂದಿದೆ ಎಂದು ಇರಲಿಲ್ಲ. ಮೊತ್ತ ಬರೆಯದಿದ್ದರೆ ಯಾರೂ ಇದನ್ನು ಮಾರಿಕೊಳ್ಳಲಾರರು ಎಂಬುದು ಅದರ ಹಿಂದಿನ ಉಪಾಯವಂತೆ. ಮಾರಿಕೊಂಡರು. ಚೀಟಿಯ ನಿಜಬೆಲೆ 10ರಿಂದ 25 ಡಾಲರ್. ಮಾರಿದ್ದು ಒಂದು ಡಾಲರಿಗೆ, ಇಲ್ಲವೇ ಒಂದು ಗ್ಯಾಲನ್ ವಿಸ್ಕಿಗೆ.

ದೋಷ ಎಲ್ಲಿ

ಸಮಿತಿ ಹೆಸರಿಸಿದ ಕಾರಣಗಳು ಸರಿಯಾದವೇ. ಆದರೆ ಹಾಜ್ಡನ್‌ನ ಜಾಗದಲ್ಲಿ ಚುರುಕಾದವನೊಬ್ಬನಿದ್ದು, ಡ್ಯೂಯರ್‌ನ ಜಾಗದಲ್ಲಿ ಪ್ರಾಮಾಣಿಕನೊಬ್ಬನಿದ್ದರೆ ಸರಿಹೋಗುತ್ತಿತ್ತು ಎಂದು ವರದಿ ಓದಿದವರಿಗೆ ಅನಿಸುತ್ತದೆ. ನನಗೆ ಹಾಗನಿಸುವುದಿಲ್ಲ.

ಗುತ್ತಿಗೆದಾರನಿಗೆ ದುಡ್ಡು ಕೊಡುವವನು ಹ್ಯಾಮಿಲ್ಟನ್, ಅವನಿಗೆ ಎಲ್ಲಿಗೆ ಎಷ್ಟು ಎಂದು ಹೇಳುವವನು ನಾಕ್ಸ್, ಬರಲಿಲ್ಲ ಎಂದು ಹಸಿಯುವವನು ಸೇಂಟ್ ಕ್ಲೇರ್. ಮೂರನೆಯವನ ಹಸಿವು ಮೊದಲನೆಯವನ ಪುಸ್ತಕದಲ್ಲಿ ಎಲ್ಲೂ ದಾಖಲಾಗುವುದಿಲ್ಲ. ಮುಂಗಡ ಕೊಡುವಾಗ ಯಾವ ಕೋಟೆಯಲ್ಲಿ ಎಷ್ಟು ದಾಸ್ತಾನು ಬಿದ್ದಿದೆ ಎಂದು ನೋಡಿ ಕೊಡುವ ಕಟ್ಟಲೆಯಿರಲಿಲ್ಲ. ಸೇನಾಧಿಪತಿಗೆ ಗುತ್ತಿಗೆದಾರನನ್ನು ಕಿತ್ತುಹಾಕುವ ಅಧಿಕಾರವಿರಲಿಲ್ಲ. ಪತ್ರ ಬರೆದರೆ ಉತ್ತರ ಬರಲು ವಾರಗಳು ಬೇಕು. ಕೊನೆಗೆ ಅವನ ಕೈಯಲ್ಲಿ ಉಳಿದ ಸರಬರಾಜು ಉಪಾಯ ಒಂದೇ: ತನ್ನದೇ ಸೈನಿಕರು. ಕಮ್ಮಾರ ಬೇಕೆಂದರೆ ಸೈನಿಕ, ಬಡಗಿ ಬೇಕೆಂದರೆ ಸೈನಿಕ, ಹಿಟ್ಟಿಗೆ ಕಾವಲು ಬೇಕೆಂದರೆ 300 ಸೈನಿಕರು.

ಅವನು ಆ 300 ಮಂದಿಯನ್ನು ಕಳಿಸದೆ ಇಟ್ಟುಕೊಂಡಿದ್ದರೆ ಗೆಲ್ಲುತ್ತಿದ್ದನೇ? ಬಹುಶಃ ಇಲ್ಲ, ಸತ್ತವರ ಎಣಿಕೆ ಬೇರೆಯಾಗುತ್ತಿತ್ತು, ಅದೂ ಯಾವ ಕಡೆಗೋ. ಸಾವಿರ ಯೋಧರು ಹತ್ತಿರದಲ್ಲೇ ಇದ್ದಾರೆಂಬ ಸುಳಿವು ಸೇನಾಧಿಪತಿಗೆ ಮುಟ್ಟದೆಯೇ ಮಲಗಿದ ಪಾಳೆಯ ಅದು. ಆ ತಪ್ಪು ಸರಬರಾಜಿನದಲ್ಲ, ಸೇಂಟ್ ಕ್ಲೇರ್‌ನದೇ. ಸಮಿತಿ ಅವನನ್ನು ಪೂರ್ತಿ ಬಿಟ್ಟದ್ದು ಉದಾರವಾಯಿತು.

ಆಮೇಲೆ

ವರದಿ ಬಂದ ದಿನವೇ, 1792ರ ಮೇ 8ರಂದು, ಸೈನ್ಯದ ಎಲ್ಲ ಖರೀದಿಯನ್ನೂ ಖಜಾನೆಯ ಕೈಗೆ ಒಪ್ಪಿಸುವ ಕಾಯ್ದೆ ಬಂತು. ಖರೀದಿ ಒಂದೆಡೆಗೆ ಬಂತು ನಿಜ, ಆದರೆ ಉಣ್ಣುವವನಿಂದ ಇನ್ನೂ ದೂರ ಹೋಯಿತು. ಹಾಜ್ಡನ್‌ನ ಜಾಗಕ್ಕೆ ಪಿಟ್ಸ್‌ಬರ್ಗಿನ ವ್ಯಾಪಾರಿ ಜೇಮ್ಸ್ ಓಹಾರ ಬಂದ. ಗಡಿನಾಡಿನ ದಾರಿ, ದೋಣಿ, ಕುದುರೆ, ದರ ಎಲ್ಲ ಬಲ್ಲವನು. 1794ರಲ್ಲಿ ಸ್ಪ್ರಿಂಗ್‌ಫೀಲ್ಡ್, ಹಾರ್ಪರ್ಸ್ ಫೆರಿಗಳ ಸರ್ಕಾರಿ ಆಯುಧ ಕಾರ್ಖಾನೆಗಳಿಗೆ ದಾರಿ ಮಾಡಿದ ಕಾಯ್ದೆ, 1795ರಲ್ಲಿ ಸಾರ್ವಜನಿಕ ಸಾಮಗ್ರಿ ಖರೀದಿಗೆಂದೇ ಒಬ್ಬ ಅಧಿಕಾರಿ.

ಹೊಸ ಸೇನಾಧಿಪತಿ ಆಂಟನಿ ವೇಯ್ನ್ ಆತುರಪಡಲಿಲ್ಲ. ಎರಡು ವರ್ಷ ಸೈನಿಕರನ್ನು ಪಳಗಿಸಿದ, ಕೋಟೆಗಳಲ್ಲಿ ಮೊದಲೇ ಇಷ್ಟಿಷ್ಟು ರೇಷನ್ ತುಂಬಿಡಬೇಕೆಂದು ಹಟ ಹಿಡಿದ. ಅವನ ಕಾಲದ ಗುತ್ತಿಗೆದಾರರಾದ ಎಲಿಯಟ್ ಮತ್ತು ವಿಲಿಯಮ್ಸ್ ಕೂಡ ಹೇಳಿದ ಹೊತ್ತಿಗೆ ಹೇಳಿದಷ್ಟು ತಂದುಹಾಕಲಿಲ್ಲ. ಬೈದು, ಬೆದರಿಸಿ, ತನ್ನ ಕ್ವಾರ್ಟರ್‌ಮಾಸ್ಟರನ ಕುದುರೆಗಳನ್ನೇ ಕೊಟ್ಟು ನಡೆಸಿಕೊಂಡ. 1793ರ ಕೊನೆಗೆ ಸೇಂಟ್ ಕ್ಲೇರ್ ಸೋತ ಜಾಗದಲ್ಲೇ ಫೋರ್ಟ್ ರಿಕವರಿ ಎಂಬ ಕೋಟೆ ಕಟ್ಟಿಸಿದ. 1794ರ ಜೂನ್ 30ರಂದು ಒಕ್ಕೂಟದ ಯೋಧರು ಆ ಕೋಟೆಯ ಹೊರಗೆ ಬಿದ್ದದ್ದು ಹಿಟ್ಟು ಇಳಿಸಿ ಮರಳುತ್ತಿದ್ದ ಸುಮಾರು 300 ಹೇರು ಕುದುರೆಗಳ ಸಾಲಿನ ಮೇಲೆ. ಕುದುರೆಗಳು ಹೋದವು, ಕೋಟೆ ಉಳಿಯಿತು. ಹಿಟ್ಟು ಆಗಲೇ ಒಳಗಿತ್ತು. ಆಗಸ್ಟ್ 20ರಂದು ಫಾಲನ್ ಟಿಂಬರ್ಸ್ ಕದನದಲ್ಲಿ ವೇಯ್ನ್ ಗೆದ್ದ. ಮರುವರ್ಷದ ಗ್ರೀನ್‌ವಿಲ್ ಒಪ್ಪಂದದಲ್ಲಿ ಒಹಾಯೊದ ಬಹುಭಾಗ ಮೂಲನಿವಾಸಿಗಳ ಕೈಬಿಟ್ಟಿತು.

ಊಟವನ್ನು ಗುತ್ತಿಗೆಗೆ ಕೊಡುವ ಪದ್ಧತಿ ಮಾತ್ರ ಹಾಗೇ ಮುಂದುವರಿಯಿತು, 1812ರ ಯುದ್ಧದಲ್ಲಿ ಮತ್ತೆ ಅದೇ ದೂರುಗಳನ್ನು ಹುಟ್ಟಿಸಿತು. 1818ರ ಏಪ್ರಿಲ್ 14ರಂದು, ಜಾನ್ ಕ್ಯಾಲ್‌ಹೂನ್ ಯುದ್ಧ ಕಾರ್ಯದರ್ಶಿಯಾಗಿದ್ದಾಗ, ಸೈನ್ಯದೊಳಗೇ ಒಬ್ಬ ಆಹಾರ ಸರಬರಾಜು ಮುಖ್ಯಾಧಿಕಾರಿಯನ್ನು ನೇಮಿಸುವ ಕಾಯ್ದೆಯಾಯಿತು. ಸಗಟಾಗಿ ಕೊಳ್ಳುವುದು, ಪರೀಕ್ಷಿಸಿ ಉಗ್ರಾಣಕ್ಕೆ ಹಾಕಿಸಿಕೊಳ್ಳುವುದು, ಅಳೆದು ಸೈನಿಕನಿಗೆ ಕೊಡುವುದು ಅಲ್ಲಿಂದ ಸೈನ್ಯದ್ದೇ ಕೆಲಸವಾಯಿತು.